ನೆರವಿನ ಹಣಕ್ಕೂ ತೆರಿಗೆ: ರೀಫಂಡ್ ಕರಗಿದ ಲೆಕ್ಕ

ಬ್ರಿಟನ್ನಿನ ಕಟ್ಟಡ ಕೆಲಸಗಾರರಲ್ಲಿ ಬಹಳ ಮಂದಿ ತೆರಿಗೆ ರಿಟರ್ನ್ ಸಲ್ಲಿಸುವುದು ಹಣ ವಾಪಸ್ ಪಡೆಯುವುದಕ್ಕೆ. ಗಾರೆ ಕೆಲಸದವರು, ಬಡಗಿಗಳು, ಪ್ಲಾಸ್ಟರಿಂಗ್ ಮಾಡುವವರು, ವೈರಿಂಗ್ ಎಳೆಯುವವರು ಎಲ್ಲರೂ ಈ ಸಾಲಿಗೆ ಸೇರುತ್ತಾರೆ. ಅಲ್ಲಿನ ತೆರಿಗೆ ವರ್ಷ ಏಪ್ರಿಲ್ 5ಕ್ಕೆ ಮುಗಿಯುತ್ತದೆ. ಅದಾದ ಕೂಡಲೇ ರಸೀದಿಗಳನ್ನೆಲ್ಲ ಒಟ್ಟುಮಾಡಿ ರಿಟರ್ನ್ ಹಾಕಿದರೆ ಒಂದೆರಡು ಸಾವಿರ ಪೌಂಡ್ ಖಾತೆಗೆ ಬರುತ್ತದೆ ಎಂಬುದು ಅವರ ವಾಡಿಕೆಯ ಲೆಕ್ಕ. ವ್ಯಾನಿನ ವಿಮೆಗೆ, ಹೊಸ ಉಪಕರಣಕ್ಕೆ, ಮಕ್ಕಳ ರಜೆಗೆ ಆ ಹಣವನ್ನೇ ನೆಚ್ಚಿಕೊಂಡ ಮನೆಗಳಿವೆ.

2020–21ರ ಸಾಲಿನಲ್ಲಿ ಈ ಲೆಕ್ಕ ತಪ್ಪಿತು. ಕೆಲವರ ರೀಫಂಡ್ ಅರ್ಧಕ್ಕಿಳಿಯಿತು, ಕೆಲವರದು ಪೂರ್ತಿ ಮಾಯವಾಯಿತು, ಇನ್ನು ಕೆಲವರ ಕೈಗೆ ಬಾಕಿ ಕಟ್ಟಬೇಕೆಂಬ ಬಿಲ್ಲೇ ಬಂತು. ಕೋವಿಡ್ ಕಾಲದಲ್ಲಿ ಕೆಲಸ ಕಡಿಮೆಯಾಗಿ ಸಂಪಾದನೆ ಕುಸಿದಿದ್ದ ವರ್ಷವದು. ಸಂಪಾದನೆ ಕುಸಿದರೆ ತೆರಿಗೆಯೂ ಕುಸಿದು ರೀಫಂಡ್ ಹೆಚ್ಚಾಗಬೇಕಲ್ಲವೇ ಎಂದು ಅವರು ಕೇಳಿದರು. ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅದೇ ವರ್ಷ ಸರ್ಕಾರ ಅವರ ಖಾತೆಗೆ ಹಾಕಿದ ನೆರವಿನ ಹಣದಲ್ಲಿ ಅದಕ್ಕೆ ಉತ್ತರವಿತ್ತು.

ಮೊದಲು ರೀಫಂಡ್ ಯಾಕೆ ಬರುತ್ತದೆ ಎಂಬುದನ್ನು ನೋಡಬೇಕು. ಬ್ರಿಟನ್ನಿನ ಕಟ್ಟಡ ಉದ್ಯಮದಲ್ಲಿ ಸಿಐಎಸ್ ಎಂಬ ವ್ಯವಸ್ಥೆ ಇದೆ. ಗುತ್ತಿಗೆದಾರ ತನ್ನ ಕೈಕೆಳಗಿನ ಉಪಗುತ್ತಿಗೆದಾರನಿಗೆ ಹಣ ಕೊಡುವಾಗಲೇ ಕೂಲಿಯ ಭಾಗದಲ್ಲಿ ಶೇ 20ನ್ನು ಮುರಿದುಕೊಂಡು ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಗೆ ಕಟ್ಟುತ್ತಾನೆ. ನೋಂದಣಿ ಇಲ್ಲದವರಿಗೆ ಈ ಕಡಿತ ಶೇ 30. ಮರಳು, ಸಿಮೆಂಟ್, ಪೈಪಿನಂಥ ಸಾಮಗ್ರಿಯ ಖರ್ಚಿಗೆ ಕಡಿತವಿಲ್ಲ. ನಮ್ಮ ಟಿಡಿಎಸ್ ಬಲ್ಲವರಿಗೆ ಇದು ಹೊಸತಲ್ಲ. ಆದರೆ ನಮ್ಮಲ್ಲಿ ಒಬ್ಬ ವ್ಯಕ್ತಿಯ ಹೆಸರಿನ ಗುತ್ತಿಗೆ ಬಿಲ್ಲಿಗೆ ಸಾಮಾನ್ಯವಾಗಿ ಶೇ 1 ಮುರಿದರೆ ಅಲ್ಲಿ ಐದರಲ್ಲೊಂದು ಪಾಲು ಹೋಗುತ್ತದೆ. ಬ್ರಿಟನ್ನಿನಲ್ಲಿ 2020–21ರಲ್ಲಿ ಮೊದಲ 12,500 ಪೌಂಡ್ ಆದಾಯಕ್ಕೆ ತೆರಿಗೆಯೇ ಇರಲಿಲ್ಲ. ವ್ಯಾನಿನ ಓಡಾಟಕ್ಕೆ ಮೊದಲ 10,000 ಮೈಲಿಗೆ ಮೈಲಿಯೊಂದಕ್ಕೆ 45 ಪೆನ್ಸ್, ಉಪಕರಣ, ಸುರಕ್ಷತಾ ಬೂಟು, ವಿಮೆ ಹೀಗೆ ಖರ್ಚುಗಳನ್ನೂ ಕಳೆಯಬಹುದಿತ್ತು. ಕಡಿತ ಮಾತ್ರ ಇದ್ಯಾವುದನ್ನೂ ನೋಡದೆ ಮೊದಲ ಪೌಂಡಿನಿಂದಲೇ ಶುರುವಾಗುತ್ತದೆ. ಹೀಗೆ ಹೆಚ್ಚಾಗಿ ಮುರಿದದ್ದು ವರ್ಷದ ಕೊನೆಗೆ ಮರಳಿ ಬರುತ್ತದೆ. ಅದು ಅವರದೇ ಹಣ.

2020ರ ಮಾರ್ಚ್ 23ರಂದು ಬ್ರಿಟನ್ ಲಾಕ್‌ಡೌನ್ ಘೋಷಿಸಿತು. ಕೆಲಸ ನಿಂತ ನೌಕರರ ಸಂಬಳದ ಬಹುಪಾಲನ್ನು ಸರ್ಕಾರ ಭರಿಸುವ ಫರ್ಲೋ ಯೋಜನೆ ಅದಕ್ಕೆ ಮೊದಲೇ ಘೋಷಣೆಯಾಗಿತ್ತು. ಸ್ವಂತ ದುಡಿಮೆಯವರ ಗತಿ ಏನು ಎಂಬ ಕೂಗು ಎದ್ದಿತ್ತು. ಮಾರ್ಚ್ 26ರಂದು ಆಗಿನ ಹಣಕಾಸು ಸಚಿವ ರಿಷಿ ಸುನಕ್ ಸ್ವಉದ್ಯೋಗಿಗಳ ಆದಾಯ ನೆರವು ಯೋಜನೆಯನ್ನು ಪ್ರಕಟಿಸಿದರು. ಹಿಂದಿನ ವರ್ಷಗಳ ರಿಟರ್ನ್‌ಗಳಲ್ಲಿ ತೋರಿಸಿದ ಲಾಭದ ಸರಾಸರಿ ತೆಗೆದು, ಅದರ ಶೇ 80ರ ಲೆಕ್ಕದಲ್ಲಿ ಮೂರು ತಿಂಗಳ ಮೊತ್ತವನ್ನು ಒಂದೇ ಬಾರಿಗೆ ಕೊಡುವುದು ಯೋಜನೆಯ ತಿರುಳು. ಗರಿಷ್ಠ ಮಿತಿ 7,500 ಪೌಂಡ್. ವರ್ಷದ ಲಾಭ 50,000 ಪೌಂಡ್ ಮೀರಿರಬಾರದು, ಒಟ್ಟು ಆದಾಯದಲ್ಲಿ ಅರ್ಧವಾದರೂ ಸ್ವಂತ ದುಡಿಮೆಯಿಂದ ಬಂದಿರಬೇಕು ಎಂಬ ಷರತ್ತುಗಳಿದ್ದವು.

ಒಟ್ಟು ಐದು ಬಾರಿ ಈ ನೆರವು ಸಿಕ್ಕಿತು. 2020ರ ಮೇ ತಿಂಗಳಲ್ಲಿ ಮೊದಲನೆಯದು ಶೇ 80ರ ದರದಲ್ಲಿ, ಆಗಸ್ಟ್‌ನಲ್ಲಿ ಎರಡನೆಯದು ಶೇ 70ರ ದರದಲ್ಲಿ ಗರಿಷ್ಠ 6,570 ಪೌಂಡ್, ನವೆಂಬರ್ ಕೊನೆಯಿಂದ ಮೂರನೆಯದು ಮತ್ತೆ ಶೇ 80. ನಾಲ್ಕನೆಯದು 2021ರ ಏಪ್ರಿಲ್ ಕೊನೆಯಲ್ಲಿ ತೆರೆಯಿತು. ಜುಲೈನಿಂದ ಸೆಪ್ಟೆಂಬರ್‌ವರೆಗೆ ನಡೆದ ಐದನೆಯದರಲ್ಲಿ ವಹಿವಾಟು ಶೇ 30 ಅಥವಾ ಹೆಚ್ಚು ಕುಸಿದವರಿಗೆ ಪೂರ್ಣ ಮೊತ್ತ, ಅದಕ್ಕಿಂತ ಕಡಿಮೆ ಕುಸಿದವರಿಗೆ ಗರಿಷ್ಠ 2,850 ಪೌಂಡ್. ಯೋಜನೆ ಮುಗಿಯುವ ಹೊತ್ತಿಗೆ 29 ಲಕ್ಷ ಜನರಿಗೆ ಒಟ್ಟು 2,810 ಕೋಟಿ ಪೌಂಡ್ ಸಂದಿತ್ತು. ಅರ್ಜಿ ಹಾಕಿದವರಲ್ಲಿ ಎಲ್ಲರಿಗಿಂತ ಹೆಚ್ಚಿದ್ದವರು ಕಟ್ಟಡ ಕೆಲಸದವರೇ.

ಅರ್ಜಿ ಹಾಕುವುದು ಬಲು ಸುಲಭವಾಗಿತ್ತು. ಹತ್ತಂಕಿಯ ತೆರಿಗೆ ಸಂಖ್ಯೆ, ರಾಷ್ಟ್ರೀಯ ವಿಮಾ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಇವು ಮುಖ್ಯವಾಗಿ ಬೇಕಾಗಿದ್ದವು. ಎಷ್ಟು ಹಣ ಎಂಬುದನ್ನು ಅರ್ಜಿದಾರ ಗುಣಿಸಿ ಭಾಗಿಸಿ ಕೂರಬೇಕಿರಲಿಲ್ಲ. ಎಚ್‌ಎಂಆರ್‌ಸಿ ತನ್ನ ಕಡತದಲ್ಲಿದ್ದ ಹಳೆಯ ರಿಟರ್ನ್‌ಗಳಿಂದ ಲೆಕ್ಕ ತೆಗೆದು ಪರದೆಯ ಮೇಲೆ ಮೊತ್ತವನ್ನು ತೋರಿಸುತ್ತಿತ್ತು. ವ್ಯಾಪಾರಕ್ಕೆ ಕೊರೊನಾದಿಂದ ಪೆಟ್ಟು ಬಿದ್ದಿದೆ ಎಂದು ದೃಢೀಕರಿಸಿ ಒತ್ತಿದರೆ ಆರು ಕೆಲಸದ ದಿನಗಳೊಳಗೆ ಹಣ ಖಾತೆಯಲ್ಲಿರುತ್ತಿತ್ತು. ದುಡಿಮೆ ನಿಂತ ಮನೆಗೆ ಅಷ್ಟು ಬೇಗ ಹಣ ತಲುಪಿಸಿದ ಆಡಳಿತವನ್ನು ಮೆಚ್ಚಲೇಬೇಕು. ಆ ಹಣಕ್ಕೆ ತೆರಿಗೆ ಬೀಳುತ್ತದೆ ಎಂಬ ಮಾತೂ ಮಾರ್ಗಸೂಚಿಯಲ್ಲಿ ಮೊದಲ ದಿನದಿಂದ ಇತ್ತು. ಆದರೆ ಬಂದ ಮೊತ್ತದಲ್ಲಿ ಒಂದು ಪೆನ್ನಿಯನ್ನೂ ಮುರಿದಿರಲಿಲ್ಲ.

ತೊಡಕು ಹುಟ್ಟಿದ್ದೇ ಇಲ್ಲಿ. ಫರ್ಲೋ ಹಣ ಪಡೆದ ನೌಕರನಿಗೆ ಮಾಲೀಕ ತೆರಿಗೆ ಮತ್ತು ವಿಮಾ ವಂತಿಗೆ ಮುರಿದುಕೊಂಡೇ ಸಂಬಳ ಕೊಡುತ್ತಿದ್ದ. ಕೈಗೆ ಬಂದದ್ದು ಪೂರ್ತಿ ಅವನದೇ. ಕಟ್ಟಡ ಕೆಲಸಗಾರನಿಗೂ ಪ್ರತಿ ಬಿಲ್ಲಿನಲ್ಲಿ ಶೇ 20 ಹೋಗಿ ಉಳಿದದ್ದು ಕೈಗೆ ಬರುವುದೇ ಅಭ್ಯಾಸ. ಕೈಗೆ ಬಂದದ್ದಕ್ಕೆ ತೆರಿಗೆ ತೀರಿದೆ ಎಂದು ನಂಬಿ ಬದುಕುವುದನ್ನು ಆ ವ್ಯವಸ್ಥೆಯೇ ಅವನಿಗೆ ವರ್ಷಾನುಗಟ್ಟಲೆ ಕಲಿಸಿತ್ತು. ನೆರವಿನ ಹಣ ಈ ಅಭ್ಯಾಸಕ್ಕೆ ಹೊರತಾಗಿ ಬಂತು.

ಒಂದು ಲೆಕ್ಕ ಹಾಕಿ ನೋಡಬಹುದು. ಇಂಗ್ಲೆಂಡಿನ ಒಬ್ಬ ಪ್ಲಾಸ್ಟರಿಂಗ್ ಕೆಲಸಗಾರ ಇದ್ದಾನೆ ಎಂದುಕೊಳ್ಳಿ; ಇದು ವಿವರಣೆಗೆ ಮಾಡಿಕೊಂಡ ಉದಾಹರಣೆ, ದರಗಳು ಮಾತ್ರ ಆ ವರ್ಷದ ನಿಜವಾದ ದರಗಳು. ಹಿಂದಿನ ವರ್ಷಗಳಲ್ಲಿ ಅವನ ಸರಾಸರಿ ಲಾಭ 24,000 ಪೌಂಡ್, ಅಂದರೆ ತಿಂಗಳಿಗೆ 2,000. ಮೊದಲ ಮೂರು ನೆರವುಗಳಲ್ಲಿ ಅವನಿಗೆ ಸಿಕ್ಕಿದ್ದು ಕ್ರಮವಾಗಿ 4,800, 4,200 ಮತ್ತು 4,800, ಒಟ್ಟು 13,800 ಪೌಂಡ್. 2020–21ರಲ್ಲಿ ಕೆಲಸ ಕಡಿಮೆಯಾಗಿ ಕೂಲಿ 15,000 ಪೌಂಡಿಗೆ ಇಳಿಯಿತು. ಗುತ್ತಿಗೆದಾರ ಅದರಲ್ಲಿ 3,000 ಮುರಿದು ಕಟ್ಟಿದ್ದಾನೆ. ಖರ್ಚು 2,000 ಕಳೆದರೆ ದುಡಿಮೆಯ ಲಾಭ 13,000.

ನೆರವಿನ ಹಣವೇ ಇಲ್ಲದಿದ್ದರೆ ಅವನ ಹೊಣೆ ಇಷ್ಟೇ: ಆದಾಯ ತೆರಿಗೆ 100 ಪೌಂಡ್; ಸ್ವಉದ್ಯೋಗಿಗಳು ಆಗ ಕಟ್ಟಬೇಕಿದ್ದ ರಾಷ್ಟ್ರೀಯ ವಿಮೆಯ ಎರಡು ವಂತಿಗೆಗಳಲ್ಲಿ, ಲಾಭಕ್ಕೆ ತಕ್ಕಂತೆ ಬೀಳುವ ನಾಲ್ಕನೇ ವರ್ಗದ್ದು 315, ನಿಗದಿತ ದರದ ಎರಡನೇ ವರ್ಗದ್ದು 158.60. ಒಟ್ಟು 573.60. ಮುರಿದ 3,000ದಲ್ಲಿ ಇದನ್ನು ಕಳೆದರೆ 2,426.40 ಪೌಂಡ್ ರೀಫಂಡ್. ಅವನು ಮನಸ್ಸಿನಲ್ಲಿ ಇಟ್ಟುಕೊಂಡದ್ದು ಈ ಲೆಕ್ಕವನ್ನು.

ಈಗ ನೆರವಿನ 13,800 ಸೇರಿಸಿ. ತೆರಿಗೆಗೆ ಒಳಪಡುವ ಲಾಭ 26,800 ಆಗುತ್ತದೆ. ಆದಾಯ ತೆರಿಗೆ 2,860, ನಾಲ್ಕನೇ ವರ್ಗದ ವಂತಿಗೆ 1,557, ಎರಡನೇ ವರ್ಗದ್ದು ಅದೇ 158.60. ಒಟ್ಟು ಹೊಣೆ 4,575.60. ಮುರಿದದ್ದು 3,000 ಮಾತ್ರ. ರೀಫಂಡ್ ಹೋಗಿ 1,575.60 ಪೌಂಡ್ ಬಾಕಿ ನಿಂತಿತು. ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ 4,002 ಪೌಂಡ್. ಅದು 13,800ರ ಸರಿಯಾಗಿ ಶೇ 29. ಶೇ 20 ಆದಾಯ ತೆರಿಗೆ, ಶೇ 9 ವಿಮಾ ವಂತಿಗೆ. ನೆರವಿನ ಪ್ರತಿ ಪೌಂಡಿನಲ್ಲಿ 29 ಪೆನ್ಸ್ ಸರ್ಕಾರಕ್ಕೆ ಮರಳಬೇಕಿತ್ತು. ಹೆಚ್ಚೂಕಡಿಮೆ ವರ್ಷವಿಡೀ ಅದು ಅವನ ಖಾತೆಯಲ್ಲೇ ಇದ್ದು ಬಾಡಿಗೆಗೆ, ಅಡುಗೆ ಸಾಮಾನಿಗೆ ಖರ್ಚಾಗಿತ್ತು.

ಇಲ್ಲಿಗೂ ಮುಗಿಯಲಿಲ್ಲ. ಬ್ರಿಟನ್ನಿನಲ್ಲಿ ಸ್ವಉದ್ಯೋಗಿಯ ಬಾಕಿ 1,000 ಪೌಂಡ್ ಮೀರಿದರೆ, ಜತೆಗೆ ಒಟ್ಟು ತೆರಿಗೆಯಲ್ಲಿ ಶೇ 80ಕ್ಕಿಂತ ಕಡಿಮೆ ಮಾತ್ರ ಮೂಲದಲ್ಲೇ ಕಡಿತವಾಗಿದ್ದರೆ, ಮುಂದಿನ ವರ್ಷಕ್ಕೂ ಮುಂಗಡ ತೆರಿಗೆ ಕಟ್ಟಬೇಕು. ಅರ್ಧ ಜನವರಿ 31ಕ್ಕೆ, ಅರ್ಧ ಜುಲೈ 31ಕ್ಕೆ. ನಮ್ಮ ಪ್ಲಾಸ್ಟರಿಂಗ್ ಕೆಲಸಗಾರನಿಗೆ ಎರಡನೇ ವರ್ಗದ ವಂತಿಗೆ ಬಿಟ್ಟು ಉಳಿದ ಬಾಕಿ 1,417. ಅದರರ್ಧ 708.50. ಹೀಗೆ 2022ರ ಜನವರಿ 31ರೊಳಗೆ ಅವನು ಕಟ್ಟಬೇಕಾದ್ದು 2,284.10 ಪೌಂಡ್. ಮುಂದಿನ ವರ್ಷ ತನಗೆ ಅಷ್ಟು ತೆರಿಗೆ ಬರುವುದಿಲ್ಲ ಎಂದು ಗೊತ್ತಿದ್ದರೆ ಈ ಮುಂಗಡವನ್ನು ತಗ್ಗಿಸಿಕೊಳ್ಳಲು ಅರ್ಜಿ ಕೊಡಬಹುದು. ವರ್ಷ ವರ್ಷವೂ ರೀಫಂಡ್ ಪಡೆದವನಿಗೆ ಮುಂಗಡ ತೆರಿಗೆ ಕಟ್ಟುವ ಪ್ರಸಂಗವೇ ಬಂದಿರುವುದಿಲ್ಲ. ಹೀಗಾಗಿ ಅಂಥ ಅರ್ಜಿಯೊಂದಿದೆ ಎಂಬುದು ಅವನಿಗೆ ಹೇಗೆ ಗೊತ್ತಿರಬೇಕು?

ಕಡಿಮೆ ಸಂಪಾದನೆಯವರ ಕಥೆ ಬೇರೆ. ಇಂಗ್ಲೆಂಡಿನಲ್ಲಿ ಕ್ಷೌರದಂಗಡಿಗಳು 2020ರ ಜುಲೈ 4ರವರೆಗೆ ಬಾಗಿಲು ಹಾಕಿದ್ದವು. ತಿಂಗಳಿಗೆ ಸರಾಸರಿ 1,000 ಪೌಂಡ್ ಲಾಭವಿದ್ದ ಒಬ್ಬ ಕೇಶವಿನ್ಯಾಸಕಿಗೆ ಮೂರು ನೆರವುಗಳಿಂದ 6,900 ಬಂದು, ಅಂಗಡಿಯಿಂದ 5,000 ಲಾಭ ಬಂದಿದ್ದರೆ ಒಟ್ಟು 11,900. ಆದಾಯ ತೆರಿಗೆ ಸೊನ್ನೆ. ಆದರೆ ನಾಲ್ಕನೇ ವರ್ಗದ ವಂತಿಗೆ ಆ ವರ್ಷ 9,500 ಪೌಂಡಿನಿಂದಲೇ ಶುರುವಾಗುತ್ತಿದ್ದುದರಿಂದ 216 ಪೌಂಡ್, ಎರಡನೇ ವರ್ಗದ 158.60 ಸೇರಿ 374.60 ಕಟ್ಟಬೇಕಿತ್ತು. ಅಂಗಡಿಯ ಲಾಭವೊಂದನ್ನೇ ನೋಡಿದ್ದರೆ ಎರಡೂ ಇರುತ್ತಿರಲಿಲ್ಲ. ಎರಡನೇ ವರ್ಗದ ವಂತಿಗೆ ಕಟ್ಟಿದ ವರ್ಷ ವೃದ್ಧಾಪ್ಯ ಪಿಂಚಣಿಯ ಲೆಕ್ಕಕ್ಕೆ ಸೇರುತ್ತದೆ ಎಂಬುದಷ್ಟೇ ಇಲ್ಲಿ ಅವಳಿಗಾದ ಲಾಭ.

ಯಾವ ವರ್ಷದ ತೆರಿಗೆ ಎಂಬುದೂ ಗೊಂದಲದ ವಿಷಯವಾಗಿತ್ತು. ಎಲ್ಲರ ಲೆಕ್ಕಪತ್ರ ಏಪ್ರಿಲ್‌ನಿಂದ ಏಪ್ರಿಲ್‌ಗೆ ನಡೆಯುವುದಿಲ್ಲ. ಕಾನೂನು ಅದನ್ನು ಸರಳಗೊಳಿಸಿತು. ನಿಮ್ಮ ಲೆಕ್ಕಪತ್ರದ ವರ್ಷ ಯಾವುದೇ ಇರಲಿ, ಮೊದಲ ಮೂರು ನೆರವು 2020–21ಕ್ಕೆ, ಕೊನೆಯ ಎರಡು 2021–22ಕ್ಕೆ. ನಾಲ್ಕನೆಯದು 2021ರ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ತಿಂಗಳುಗಳಿಗೆ ಕೊಟ್ಟದ್ದಾದರೂ ಹಣ ಕೈಸೇರಿದ್ದು ಏಪ್ರಿಲ್ 5 ದಾಟಿದ ಮೇಲೆ. ಹಾಗಾಗಿ ಅದು ಮುಂದಿನ ವರ್ಷದ ಬುಟ್ಟಿಗೆ ಬಿತ್ತು.

ಫಾರಂ ತುಂಬುವಲ್ಲಿ ಆದ ಎಡವಟ್ಟುಗಳಿಂದ ಇನ್ನಷ್ಟು ಸಂಕಟವಾಯಿತು. ರಿಟರ್ನ್‌ನಲ್ಲಿ ಈ ಯೋಜನೆಯ ಹಣ ತೋರಿಸಲೆಂದೇ ಪ್ರತ್ಯೇಕ ಕಾಲಂ ಇಟ್ಟಿದ್ದರು. ಅದನ್ನು ಗಮನಿಸದೆ ಕೆಲವರು ನೆರವಿನ ಹಣವನ್ನು ವಹಿವಾಟಿನ ಮೊತ್ತಕ್ಕೇ ಸೇರಿಸಿಬಿಟ್ಟರು. ಯಾರಿಗೆ ಎಷ್ಟು ಕೊಟ್ಟಿದ್ದೇವೆ ಎಂಬ ಪಟ್ಟಿ ಎಚ್‌ಎಂಆರ್‌ಸಿ ಬಳಿ ಇತ್ತಲ್ಲ, ಕಾಲಂ ಖಾಲಿ ಇದ್ದರೆ ಅಥವಾ ಮೊತ್ತ ತಾಳೆಯಾಗದಿದ್ದರೆ ಇಲಾಖೆಯೇ ತಿದ್ದಿ ಹೊಸ ಲೆಕ್ಕದ ಪತ್ರ ಕಳುಹಿಸಿತು. ನೆರವನ್ನು ಮರೆತವರ ಪಾಲಿಗೆ ತಿದ್ದುಪಡಿ ಸರಿಯಾಗಿತ್ತು. ವಹಿವಾಟಿಗೆ ಸೇರಿಸಿದ್ದವರ ಪಾಲಿಗೆ ಅದೇ ಹಣ ಎರಡು ಬಾರಿ ಆದಾಯವಾಗಿ, ತೆರಿಗೆಯೂ ಎರಡು ಬಾರಿ ಬಿತ್ತು. ಇಲಾಖೆಯ ಪತ್ರ ಬಂತೆಂದರೆ ಸರಿಯೇ ಇರಬೇಕು ಎಂದು ಕಟ್ಟಿ ಸುಮ್ಮನಾದವರು ನಷ್ಟಪಟ್ಟರು. ಇಲಾಖೆಯ ತಿದ್ದುಪಡಿಯನ್ನು 30 ದಿನಗಳೊಳಗೆ ಒಪ್ಪುವುದಿಲ್ಲ ಎನ್ನುವ ಹಕ್ಕು ತೆರಿಗೆದಾರನಿಗಿದೆ. ತನ್ನದೇ ರಿಟರ್ನ್ ತಿದ್ದಿಕೊಳ್ಳಲು ಸಲ್ಲಿಕೆಯ ಗಡುವಿನಿಂದ 12 ತಿಂಗಳ ಕಾಲಾವಕಾಶವೂ ಇದೆ.

ಸಣ್ಣ ವ್ಯಾಪಾರಿಗಳಿಗೆ 1,000 ಪೌಂಡ್‌ವರೆಗಿನ ವಹಿವಾಟಿಗೆ ಸಿಗುವ ವಿನಾಯಿತಿಯನ್ನು ಈ ನೆರವಿನ ಎದುರು ಬಳಸುವಂತಿರಲಿಲ್ಲ. ಸ್ಥಳೀಯ ಆಡಳಿತಗಳು ಅಂಗಡಿ, ಹೋಟೆಲುಗಳಿಗೆ ಕೊಟ್ಟ ಅನುದಾನಗಳಿಗೂ ತೆರಿಗೆ ಉಂಟು. ಅವನ್ನು ತೋರಿಸುವ ಕಾಲಂ ಮಾತ್ರ ಬೇರೆ. ತೆರಿಗೆಯ ಆಚೆಗೂ ಏಟು ಬಿದ್ದವು. ಶಿಕ್ಷಣ ಸಾಲವಿದ್ದವರಿಗೆ ಮಿತಿ ಮೀರಿದ ಆದಾಯದ ಮೇಲೆ ಶೇ 9 ಕಂತು ಹೆಚ್ಚುವರಿಯಾಗಿ ಬಂತು. ಅಂಥವರಿಗೆ ಪೌಂಡಿಗೆ 29 ಪೆನ್ಸ್ ಇದ್ದದ್ದು 38 ಪೆನ್ಸ್ ಆಯಿತು. ನೆರವು ಸೇರಿ ದಂಪತಿಯಲ್ಲಿ ಒಬ್ಬರ ಆದಾಯ 50,000 ದಾಟಿದ ಮನೆಗಳು ಮಕ್ಕಳ ಭತ್ಯೆಯಲ್ಲಿ ಒಂದು ಪಾಲನ್ನು ಹಿಂದಿರುಗಿಸಬೇಕಾಯಿತು. ಯೂನಿವರ್ಸಲ್ ಕ್ರೆಡಿಟ್ ಎಂಬ ಬಡವರ ಸಹಾಯಧನದ ಮೇಲಿದ್ದವರಿಗೆ ನೆರವು ಬಂದ ತಿಂಗಳ ಆದಾಯ ಒಮ್ಮೆಲೇ ಏರಿ, ಆ ತಿಂಗಳ ಸಹಾಯಧನವೇ ನಿಂತುಹೋಗುವ ಸಾಧ್ಯತೆ ಇತ್ತು.

ಕೆನಡಾದಲ್ಲೂ ಇಂಥದ್ದೇ ನಡೆಯಿತು. ಅಲ್ಲಿ 2020ರ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ 500 ಡಾಲರ್‌ನಂತೆ ತುರ್ತು ನೆರವು ಕೊಟ್ಟರು. ಅದಕ್ಕೂ ತೆರಿಗೆ ಇತ್ತು, ಮೂಲದಲ್ಲಿ ಕಡಿತ ಇರಲಿಲ್ಲ. ಅರ್ಹತೆಗೆ ಬೇಕಿದ್ದ 5,000 ಡಾಲರ್ ಆದಾಯ ಖರ್ಚು ಕಳೆಯುವ ಮೊದಲಿನದೋ ನಂತರದ್ದೋ ಎಂಬುದೇ ಸ್ವಉದ್ಯೋಗಿಗಳಿಗೆ ಸ್ಪಷ್ಟವಿರಲಿಲ್ಲ. ಕೊನೆಗೆ 2021ರ ಫೆಬ್ರವರಿಯಲ್ಲಿ, ಖರ್ಚು ಕಳೆಯುವ ಮೊದಲಿನ ಆದಾಯ ನೋಡಿ ಅರ್ಜಿ ಹಾಕಿದವರು ಉಳಿದ ಷರತ್ತುಗಳನ್ನು ಪೂರೈಸಿದ್ದರೆ ಹಣ ಹಿಂದಿರುಗಿಸಬೇಕಿಲ್ಲ ಎಂದು ಸರ್ಕಾರ ಹೇಳಿತು. ತೆರಿಗೆಯ ವಿಷಯದಲ್ಲೂ ಕೆನಡಾ ಪಾಠ ಕಲಿತಿತ್ತು. ತುರ್ತು ನೆರವಿನ ಬದಲಿಗೆ ಬಂದ ಚೇತರಿಕೆ ನೆರವಿನಲ್ಲಿ ಶೇ 10ನ್ನು ಮೊದಲೇ ಮುರಿದು ಕೊಟ್ಟಿತು. ಅಷ್ಟು ಕಡಿತ ಎಲ್ಲರಿಗೂ ಸಾಲದು, ಆದರೆ ಈ ಹಣಕ್ಕೆ ತೆರಿಗೆ ಇದೆ ಎಂಬ ಸುದ್ದಿ ಹಣದ ಜತೆಗೇ ಮನೆ ತಲುಪಿತು.

ಕರ್ನಾಟಕದಲ್ಲೂ 2020ರ ಮೇ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿ ಕ್ಷೌರಿಕರು, ಅಗಸರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಒಂದು ಬಾರಿಯ ನೆರವು ಘೋಷಿಸಿದ್ದು ಓದುಗರಿಗೆ ನೆನಪಿರಬಹುದು. ಮೊತ್ತ ಚಿಕ್ಕದು, ಪಡೆದವರಲ್ಲಿ ಹೆಚ್ಚಿನವರ ಆದಾಯ ತೆರಿಗೆಯ ಮಿತಿಯ ಸಮೀಪಕ್ಕೂ ಬರುವಂಥದ್ದಲ್ಲ, ಹಾಗಾಗಿ ಇಂಥ ಲೆಕ್ಕ ಇಲ್ಲಿ ಏಳಲಿಲ್ಲ. ಆದರೆ ಸರ್ಕಾರದ ಸಬ್ಸಿಡಿ, ಅನುದಾನ, ನಗದು ಪ್ರೋತ್ಸಾಹಧನಗಳನ್ನೂ ಆದಾಯವೆಂದೇ ಪರಿಗಣಿಸುವ ಮಾತನ್ನು 1961ರ ಆದಾಯ ತೆರಿಗೆ ಕಾಯ್ದೆಗೆ 2015ರಲ್ಲೇ ಸೇರಿಸಲಾಗಿತ್ತು. ಯಂತ್ರ, ಕಟ್ಟಡದಂಥ ಆಸ್ತಿಯ ಬೆಲೆಯಲ್ಲೇ ಕಳೆದು ತೋರಿಸುವ ಸಬ್ಸಿಡಿಗೆ ಅದರಲ್ಲಿ ಬೇರೆ ನಿಯಮವಿತ್ತು. ಸರ್ಕಾರದ ಪ್ರೋತ್ಸಾಹಧನ ಪಡೆಯುವ ಸಣ್ಣ ಉದ್ದಿಮೆದಾರರು ಈ ವ್ಯತ್ಯಾಸವನ್ನು ತಮ್ಮ ಲೆಕ್ಕಪರಿಶೋಧಕರಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ನೆರವಿಗೆ ತೆರಿಗೆ ಹಾಕಿದ್ದೇ ಅನ್ಯಾಯ ಎಂಬ ವಾದವನ್ನು ಒಪ್ಪಲಾಗದು. ಕಳೆದುಹೋದ ಲಾಭಕ್ಕೆ ಬದಲಾಗಿ ಬಂದ ಹಣವದು. ಆ ಲಾಭ ಬಂದಿದ್ದರೂ ತೆರಿಗೆ ಇರುತ್ತಿತ್ತು. ಫರ್ಲೋ ಪಡೆದ ನೌಕರ ತೆರಿಗೆ ಕಟ್ಟಿ, ಅಷ್ಟೇ ಹಣ ಪಡೆದ ಸ್ವಉದ್ಯೋಗಿ ಕಟ್ಟದೆ ಹೋದರೆ ಅದೇ ಅನ್ಯಾಯವಾಗುತ್ತಿತ್ತು. ನೆರವು ಪಡೆದೂ ದುಡಿಯಲು ಸ್ವಉದ್ಯೋಗಿಗಳಿಗೆ ಅವಕಾಶವಿತ್ತು ಎಂಬುದನ್ನೂ ಮರೆಯುವಂತಿಲ್ಲ. ತಪ್ಪಾದದ್ದು ಕೊಟ್ಟ ರೀತಿಯಲ್ಲಿ. ಲಾಭದ ಸರಾಸರಿಯನ್ನು ತಾನೇ ಲೆಕ್ಕಹಾಕಿ ತೋರಿಸಬಲ್ಲ ಇಲಾಖೆಗೆ, ಅದೇ ಪರದೆಯ ಮೇಲೆ ಸುಮಾರು ಇಷ್ಟು ತೆರಿಗೆ ಬರಬಹುದು ಎಂಬ ಇನ್ನೊಂದು ಅಂಕಿಯನ್ನು ತೋರಿಸುವುದು ಕಷ್ಟವಿರಲಿಲ್ಲ. ಬೇಕಾದವರಿಗೆ ಶೇ 20 ಮುರಿದೇ ಕೊಡಿ ಎಂದು ಕೇಳುವ ಆಯ್ಕೆ ಇಟ್ಟಿದ್ದರೆ ಸಿಐಎಸ್‌ಗೆ ಒಗ್ಗಿಹೋದ ಲಕ್ಷಾಂತರ ಕೆಲಸಗಾರರು ಅದನ್ನೇ ಆರಿಸಿಕೊಳ್ಳಬಹುದಿತ್ತು. ಮಾರ್ಗಸೂಚಿಯ ಪುಟದಲ್ಲಿ ಒಂದು ಸಾಲು ಬರೆದ ಮಾತ್ರಕ್ಕೆ, ಕೆಲಸ ಕಳೆದುಕೊಂಡು ಕಂಗೆಟ್ಟವನಿಗೆ ತಿಳಿಸಿದಂತಾಗುವುದಿಲ್ಲ.

ಗಡುವು ಬಂದಾಗ ಇಲಾಖೆ ಸ್ವಲ್ಪ ಸಡಿಲಿಸಿತು. 2022ರ ಜನವರಿ 31ರ ಬದಲು ಫೆಬ್ರವರಿ 28ರೊಳಗೆ ರಿಟರ್ನ್ ಹಾಕಿದವರಿಗೆ ತಡವಾದದ್ದಕ್ಕೆ ದಂಡವಿಲ್ಲ ಎಂದಿತು. ಏಪ್ರಿಲ್ 1ರೊಳಗೆ ಬಾಕಿ ಕಟ್ಟಿದವರಿಗೆ ಅಥವಾ ಕಂತಿನ ವ್ಯವಸ್ಥೆ ಮಾಡಿಕೊಂಡವರಿಗೆ ಪಾವತಿ ವಿಳಂಬದ ದಂಡವನ್ನೂ ಬಿಟ್ಟಿತು. ಬಡ್ಡಿ ಮಾತ್ರ ಫೆಬ್ರವರಿ 1ರಿಂದಲೇ ಓಡಿತು. 30,000 ಪೌಂಡ್‌ವರೆಗಿನ ಬಾಕಿಯನ್ನು ಆನ್‌ಲೈನಿನಲ್ಲೇ ಕಂತು ಮಾಡಿಕೊಳ್ಳುವ ಸೌಲಭ್ಯ ಅನೇಕರನ್ನು ಸಾಲದಿಂದ ಕಾಪಾಡಬಲ್ಲದಾಗಿತ್ತು.

ಲಂಡನ್ನಿನಲ್ಲಿ ಟ್ಯಾಕ್ಸಿ ಓಡಿಸುವ, ಟೊರಾಂಟೊದಲ್ಲಿ ಅಡುಗೆ ಕಂಟ್ರ್ಯಾಕ್ಟ್ ಹಿಡಿದಿರುವ, ಬೆಂಗಳೂರಿನಲ್ಲಿ ಸಣ್ಣ ಘಟಕ ನಡೆಸುವ ಯಾವುದೇ ಕನ್ನಡಿಗರು ಮುಂದೆ ಸರ್ಕಾರದ ನೆರವಿಗೆ ಅರ್ಜಿ ಹಾಕುವ ದಿನವೇ ಮೂರು ಪ್ರಶ್ನೆ ಕೇಳಲಿ: ಈ ಹಣಕ್ಕೆ ತೆರಿಗೆ ಇದೆಯೇ, ಯಾವ ವರ್ಷದ ಲೆಕ್ಕಕ್ಕೆ ಸೇರುತ್ತದೆ, ಕೈಗೆ ಬರುವ ಮೊದಲು ಏನಾದರೂ ಮುರಿದಿದ್ದಾರೆಯೇ? ಮೂರನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ ಬ್ರಿಟನ್ನಿನ ಲೆಕ್ಕದಲ್ಲಿ ಹತ್ತರಲ್ಲಿ ಮೂರು ಪಾಲನ್ನು ಬೇರೆ ಖಾತೆಗೆ ಹಾಕಿಡಿ. ನೆರವು ಬಂದ ದಿನಾಂಕ, ಮೊತ್ತದ ಪತ್ರ, ಗುತ್ತಿಗೆದಾರ ಕೊಡುವ ಕಡಿತದ ಚೀಟಿ ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ. ಇಲಾಖೆಯಿಂದ ತಿದ್ದಿದ ಲೆಕ್ಕ ಬಂದರೆ ಹಣ ಕಟ್ಟುವ ಮೊದಲು ನಿಮ್ಮ ಲೆಕ್ಕದೊಂದಿಗೆ ತಾಳೆ ನೋಡಿ, ತಪ್ಪಿದ್ದರೆ ಗಡುವಿನೊಳಗೆ, ಬ್ರಿಟನ್ನಿನಲ್ಲಾದರೆ 30 ದಿನಗಳೊಳಗೆ, ಬರೆಯಿರಿ.